ನಳದುರ್ಗದ ಹವಿಲ್ದಾರ: ಕಲಬುರಗಿ ಸೀಮೆಯ ಬಿಡುಗಡೆಗೆ ಬಿದ್ದ ಮೊದಲ ನೆತ್ತರು

1948ರ ಸೆಪ್ಟೆಂಬರ್ 13, ಸೋಮವಾರ. ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ ಸೊಲ್ಲಾಪುರದ ಕಡೆಯಿಂದ ಭಾರತದ ಸೇನೆ ಹೈದರಾಬಾದಿನ ನಿಜಾಮನ ಸೀಮೆಯೊಳಗೆ ಕಾಲಿಟ್ಟಿತು. ಎದುರಿಗೆ ಬೋರಿ ಹೊಳೆ, ಹೊಳೆಯ ಮೇಲೊಂದು ಸೇತುವೆ, ಅದರಾಚೆ ನಳದುರ್ಗದ ಕೋಟೆ. ಸೇತುವೆ ಉಳಿದರೆ ಹೈದರಾಬಾದಿನವರೆಗೆ ಹೆದ್ದಾರಿ ಕೈಗೆ ಬಂದಂತೆ. ಅದು ಸಿಡಿದರೆ ಮಳೆಗಾಲದ ಎರೆಮಣ್ಣಿನಲ್ಲಿ ರಣಗಾಡಿಗಳ ಸಾಲು ನಿಂತಲ್ಲೇ ನಿಲ್ಲಬೇಕು. ಆ ನಸುಕಿನಲ್ಲಿ ಎರಡನೆಯ ಸಿಖ್ ದಳದ ಮುಂಚೂಣಿ ತುಕಡಿಯೊಂದನ್ನು ನಡೆಸುತ್ತಿದ್ದವರು ಮೂವತ್ತೊಂದು ವರ್ಷದ ಹವಿಲ್ದಾರ್ ಬಚಿತ್ತರ್ ಸಿಂಗ್. ಅಂದಿನ ಸೂರ್ಯಾಸ್ತವನ್ನು ಅವರು ಕಾಣಲಿಲ್ಲ. ಸ್ವತಂತ್ರ ಭಾರತ ಶಾಂತಿಕಾಲದ ಶೌರ್ಯಕ್ಕೆಂದು ಸ್ಥಾಪಿಸಿದ ಅತ್ಯುನ್ನತ ಪದಕವಾದ ಅಶೋಕ ಚಕ್ರಕ್ಕೆ ಪಾತ್ರರಾದವರಲ್ಲಿ ಅವರ ಹೆಸರು ಎಲ್ಲರಿಗಿಂತ ಮೊದಲು ನಿಲ್ಲುತ್ತದೆ.

ಕಲಬುರಗಿ, ಬೀದರ, ರಾಯಚೂರು ಸೀಮೆಯ ಜನ ಪ್ರತಿ ಸೆಪ್ಟೆಂಬರ್ 17ರಂದು ಧ್ವಜವೇರಿಸಿ ನೆನೆಯುವ ಬಿಡುಗಡೆ ಶುರುವಾದದ್ದು ಈ ಹೊಳೆಯ ದಂಡೆಯಲ್ಲಿ. ಆದರೆ ಆ ಹವಿಲ್ದಾರನ ಹೆಸರು ನಮ್ಮ ನಾಲಿಗೆಯ ಮೇಲೆ ಇಲ್ಲ. ಅವರು ಹುಟ್ಟಿದ್ದು ಪಂಜಾಬಿನಲ್ಲಿ, ಬಿದ್ದ ನೆಲ ಇಂದು ಮಹಾರಾಷ್ಟ್ರದಲ್ಲಿದೆ, ಫಲ ಉಂಡವರಲ್ಲಿ ಕನ್ನಡಿಗರಾದ ನಾವೂ ಇದ್ದೇವೆ. ಮೂರು ರಾಜ್ಯಗಳ ನಡುವೆ ಹಂಚಿಹೋದ ಬದುಕನ್ನು ಯಾರೂ ಪೂರ್ತಿಯಾಗಿ ತಮ್ಮದೆಂದು ಎತ್ತಿಕೊಳ್ಳಲಿಲ್ಲ. ಈ ಕಥನ ಆ ಸಾಲದ ನೆನಪಿಗಾಗಿ.

ಬಚಿತ್ತರ್ ಸಿಂಗ್ ಹುಟ್ಟಿದ್ದು 1917ರಲ್ಲಿ, ಪಂಜಾಬಿನ ಲೋಪೋ ಎಂಬ ಹಳ್ಳಿಯಲ್ಲಿ. ಹದಿನೆಂಟರ ಹರೆಯದಲ್ಲಿ ಸಿಖ್ ರೆಜಿಮೆಂಟಿಗೆ ಸೇರಿದರು. ಅದು ಬ್ರಿಟಿಷರ ಕಾಲ. ಹೊಲದ ಕೆಲಸ ಬಿಟ್ಟು ಬಂದ ಹುಡುಗರು ದೊರೆಯ ಹೆಸರಿನಲ್ಲಿ ಬಂದೂಕು ಹಿಡಿಯುತ್ತಿದ್ದ ಕಾಲ. ಎರಡನೆಯ ಮಹಾಯುದ್ಧದ ವರ್ಷಗಳನ್ನೂ ಅವರು ಅದೇ ಸಮವಸ್ತ್ರದಲ್ಲಿ ಕಳೆದರು. ಸಿಪಾಯಿಯಾಗಿ ಸೇರಿದವನು ನಾಯಕ್ ಆಗಿ, ಅಲ್ಲಿಂದ ಹವಿಲ್ದಾರನಾಗಿ ಏರುವುದಕ್ಕೆ ಮೇಲಧಿಕಾರಿಗಳ ಶಿಫಾರಸು ಸಾಲದು. ಜೊತೆಗಾರರು ಗುಂಡಿನ ನಡುವೆಯೂ ಬೆನ್ನ ಹಿಂದೆ ಬರುವಂಥ ನಂಬಿಕೆಯನ್ನು ಅವನು ಗಳಿಸಿರಬೇಕು. 1947ರಲ್ಲಿ ದೇಶ ಸ್ವತಂತ್ರವಾಯಿತು, ಪಂಜಾಬು ಎರಡಾಯಿತು. ಅಲ್ಲಿನ ಮನೆಗಳಲ್ಲಿ ಬೆಂಕಿ ಆರುವ ಮೊದಲೇ ಅಲ್ಲಿಂದ ಬಂದ ಸೈನಿಕರು ದಖ್ಖನ್ನಿನ ಎರೆಭೂಮಿಗೆ ಬಂದು ನಿಂತರು.

ಅವರು ಬಂದುದೇಕೆ ಎಂಬುದಕ್ಕೆ ಹೈದರಾಬಾದ್ ಸಂಸ್ಥಾನದ ಕೊನೆಯ ಹದಿನೈದು ತಿಂಗಳ ಕಥೆ ಹೇಳಬೇಕು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ ತೆಲಂಗಾಣ, ಮರಾಠವಾಡ ಮತ್ತು ನಮ್ಮ ಮೂರು ಕನ್ನಡ ಜಿಲ್ಲೆಗಳು ಒಂದೇ ಛತ್ರದ ಕೆಳಗಿದ್ದವು. ಸಂಸ್ಥಾನದ ಜನಸಂಖ್ಯೆ ಒಂದೂವರೆ ಕೋಟಿ ದಾಟಿತ್ತು. ಕಲಬುರಗಿ ಒಂದು ಸುಭೆಯ ಕೇಂದ್ರ. 1947ರ ಜೂನ್‌ನಲ್ಲಿ ನಿಜಾಮರು ಫರ್ಮಾನು ಹೊರಡಿಸಿ, ತಾವು ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲ ಎಂದರು. ಆಗಸ್ಟ್ 15ರಂದು ದಿಲ್ಲಿಯಲ್ಲಿ ತ್ರಿವರ್ಣ ಧ್ವಜ ಏರಿದಾಗ ಕಲಬುರಗಿಯಲ್ಲಿ ಅದನ್ನು ಕೈಯಲ್ಲಿ ಹಿಡಿದವರು ಸೆರೆಮನೆ ಸೇರಿದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನೇತಾರ ಸ್ವಾಮಿ ರಮಾನಂದ ತೀರ್ಥರೂ ಬಂಧಿತರಾದರು. ಸಿಂದಗಿಯಲ್ಲಿ ಹುಟ್ಟಿ, ಪೂರ್ವಾಶ್ರಮದಲ್ಲಿ ವೆಂಕಟರಾವ್ ಖೇಡಗೀಕರ್ ಎನಿಸಿದ್ದ ಈ ಸನ್ಯಾಸಿ ಕನ್ನಡ ಮಣ್ಣಿನವರೇ.

ಆ ವರ್ಷದ ನವೆಂಬರ್ 29ರಂದು ಭಾರತ ಸರ್ಕಾರ ಮತ್ತು ನಿಜಾಮರ ನಡುವೆ ಯಥಾಸ್ಥಿತಿ ಒಪ್ಪಂದವಾಯಿತು. ಒಂದು ವರ್ಷ ಇದ್ದುದು ಇದ್ದಂತೆಯೇ ಇರಲಿ ಎಂಬುದು ಅದರ ತಿರುಳು. ಆದರೆ ಯಾವುದೂ ಇದ್ದಂತೆ ಇರಲಿಲ್ಲ. ನಿಜಾಮರ ಪರ ನಿಂತ ಖಾಸಗಿ ಸಶಸ್ತ್ರ ಪಡೆಯಾದ, ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರು ಹಳ್ಳಿಗಳ ಮೇಲೆ ಬೀಳತೊಡಗಿದರು. ಆಸ್ಟ್ರೇಲಿಯಾದ ವೈಮಾನಿಕ ಸಿಡ್ನಿ ಕಾಟನ್ ಕರಾಚಿಯಿಂದ ರಾತ್ರೋರಾತ್ರಿ ಬಂದೂಕುಗಳನ್ನು ತಂದು ಬೀದರ, ವಾರಂಗಲ್ಲಿನ ವಿಮಾನ ನೆಲೆಗಳಲ್ಲಿ ಇಳಿಸಿದ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರ್ಟಾ ಗ್ರಾಮದಲ್ಲಿ ಇನ್ನೂರರಷ್ಟು ಜನ ಕೊಲೆಯಾದರು. ಊರು ಬಿಟ್ಟವರು ಗಂಟುಮೂಟೆ ಕಟ್ಟಿ ಸೊಲ್ಲಾಪುರ, ವಿಜಾಪುರ, ಗದಗಿನ ಕಡೆಗೆ ನಡೆದರು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಹೋರಾಟದ ಶಿಬಿರಗಳನ್ನು ನಡೆಸಿದರು. ಇತ್ತ ನಮ್ಮ ಸೀಮೆಯಲ್ಲಿ ಸರದಾರ ಶರಣಗೌಡ ಇನಾಮದಾರರು ಯುವಕರನ್ನು ಕಟ್ಟಿಕೊಂಡು ಎದುರು ನಿಂತರು.

ಇದು ಎರಡು ಧರ್ಮಗಳ ಜಗಳವೆಂದು ಸುಲಭವಾಗಿ ಹೇಳಿಬಿಡುವವರು ಶೋಯಬುಲ್ಲಾ ಖಾನರನ್ನು ನೆನೆಯಬೇಕು. 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಈ ತರುಣ ಸಂಪಾದಕ, ಸಂಸ್ಥಾನ ಭಾರತದೊಡನೆ ಸೇರಬೇಕೆಂದು ನೇರವಾಗಿ ಬರೆದರು. 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ರಜಾಕಾರರು ಅವರನ್ನು ಕೊಂದರು. ಸಂಸ್ಥಾನದ ಹಿತ ಯಾವುದೆಂದು ಕಂಡವರು ಎರಡೂ ಕಡೆ ಇದ್ದರು. ಕಾಣಲಾರದವರೂ ಎರಡೂ ಕಡೆ ಇದ್ದರು.

ನಿಜಾಮರ ಸರ್ಕಾರ ತನ್ನ ದೂರನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ದಿತು. ಸರದಾರ್ ವಲ್ಲಭಭಾಯಿ ಪಟೇಲರು ಇನ್ನು ತಡ ಸಲ್ಲದೆಂದು ನಿಶ್ಚಯಿಸಿದರು. ದಕ್ಷಿಣ ಕಮಾಂಡಿನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಮಹಾರಾಜ್ ರಾಜೇಂದ್ರಸಿಂಹಜಿಯವರ ಮೇಲ್ವಿಚಾರಣೆಯಲ್ಲಿ 'ಆಪರೇಷನ್ ಪೋಲೋ' ಸಿದ್ಧವಾಯಿತು. ಮುಖ್ಯ ದಾಳಿ ಪಶ್ಚಿಮದಿಂದ, ಸೊಲ್ಲಾಪುರದ ಹೆದ್ದಾರಿಯಲ್ಲಿ. ಅದರ ಹೊಣೆ ಮೇಜರ್ ಜನರಲ್ ಜೆ. ಎನ್. ಚೌಧುರಿಯವರದು. ಪೂರ್ವದಲ್ಲಿ ವಿಜಯವಾಡದಿಂದ ಇನ್ನೊಂದು ಪಡೆ. ದಕ್ಷಿಣದಲ್ಲಿ ಹೊಸಪೇಟೆಯ ಕಡೆಯಿಂದ ಮೈಸೂರಿನ ಪದಾತಿ ದಳವೂ ಸೇರಿತು. ಎದುರಿಗೆ ಜನರಲ್ ಎಲ್ ಎದ್ರೂಸರ ಅಧೀನದಲ್ಲಿ ಸುಮಾರು 22 ಸಾವಿರ ಸೈನಿಕರ ನಿಜಾಮ ಪಡೆ ಇತ್ತು. ರಜಾಕಾರರು ಬೇರೆ.

ದಾಳಿಯ ಬಾಗಿಲಾದ ನಳದುರ್ಗ ನಮಗೆ ಅಪರಿಚಿತ ಊರಲ್ಲ. ಬಹಮನಿಗಳ ಹಾಗೂ ವಿಜಾಪುರದ ಆದಿಲ್‌ಶಾಹಿಗಳ ಕೈ ಹಾದುಬಂದ ಕೋಟೆ ಅದು. ಬೋರಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಗರ್ಭದಲ್ಲೇ ನೀರುಮಹಲು ನಿರ್ಮಿಸಿದ ಆದಿಲ್‌ಶಾಹಿ ಕುಶಲಿಗಳ ಕೆಲಸ ಇಂದಿಗೂ ಅಲ್ಲಿ ನಿಂತಿದೆ. ಮಳೆಗಾಲದಲ್ಲಿ ಒಡ್ಡಿನ ಮೇಲಿಂದ ನೀರು ಜೋಡಿ ಧಾರೆಯಾಗಿ ಧುಮುಕುತ್ತದೆ. ಸುರಪುರದ ನಾಯಕರ ಚರಿತ್ರೆಯಲ್ಲಿ ಬರುವ ಮೆಡೋಸ್ ಟೇಲರ್ ಸಾಹೇಬ, ಸುರಪುರದಿಂದ ಹೊರಟ ಮೇಲೆ ಆಡಳಿತ ನಡೆಸಿದ್ದು ಇದೇ ನಳದುರ್ಗದಲ್ಲಿ. ಅಲ್ಲಿ ಹರಿವ ಬೋರಿ ಕೊನೆಗೆ ಸೇರುವುದು ನಮ್ಮ ಭೀಮೆಯನ್ನು. ಅಂದು ನಳದುರ್ಗ, ಉಮರ್ಗಾ, ಹುಮನಾಬಾದು, ಕಲಬುರಗಿ ಎಲ್ಲ ಒಂದೇ ಸಂಸ್ಥಾನದ ಊರುಗಳು. 1956ರ ರಾಜ್ಯ ಪುನರ್ವಿಂಗಡಣೆ ಅವುಗಳ ನಡುವೆ ಗೆರೆ ಎಳೆಯಿತು.

ಸೆಪ್ಟೆಂಬರ್ 13ರ ಆ ನಸುಕಿಗೆ ಮರಳೋಣ. ಮುಂಚೂಣಿಯಲ್ಲಿ ಸಾಗುತ್ತಿದ್ದ ಬಚಿತ್ತರ್ ಸಿಂಗರ ತುಕಡಿಗೆ ಶತ್ರುವಿನ ಎರಡು ವಾಹನಗಳು ಕಂಡವು. ಅವುಗಳಲ್ಲಿ ಶಸ್ತ್ರಧಾರಿ ಕಾವಲು ಪಡೆಯಿತ್ತು. ಹವಿಲ್ದಾರರು ಗುಂಡು ಹಾರಿಸಲು ಆಜ್ಞೆ ಕೊಟ್ಟರು. ಆ ಕಡೆಯಿಂದಲೂ ಗುಂಡಿನ ಮಳೆ ಬಂತು. ಅವರು ಅದನ್ನು ಲೆಕ್ಕಿಸದೆ ನೇರ ನುಗ್ಗಿ, ಎರಡೂ ವಾಹನಗಳನ್ನು ಕಾವಲಿನವರ ಸಮೇತ ವಶಪಡಿಸಿಕೊಂಡರು. ಭಾರತದ ಏಳನೆಯ ಬ್ರಿಗೇಡಿನ ವೇಗಕ್ಕೆ ನಿಜಾಮ ಪಡೆ ತಬ್ಬಿಬ್ಬಾಯಿತು. ಬೋರಿಯ ಸೇತುವೆ ಮುಕ್ಕಾಗದೆ ಕೈಗೆ ಸಿಕ್ಕಿತು.

ದಿನ ಅಲ್ಲಿಗೆ ಮುಗಿಯಲಿಲ್ಲ. ನಳದುರ್ಗದ ಸುತ್ತ ನೆಲೆ ಹಿಡಿದಿದ್ದ ಒಂದನೆಯ ಹೈದರಾಬಾದ್ ಪದಾತಿ ದಳವನ್ನು ಅಲ್ಲಿಂದ ಎಬ್ಬಿಸುವ ಕೆಲಸ ಸಿಖ್ಖರ ಪಾಲಿಗೆ ಬಂತು. ಭದ್ರವಾದ ನೆಲೆಯೊಂದರಿಂದ ಬಚಿತ್ತರ್ ಸಿಂಗರ ತುಕಡಿಯ ಮೇಲೆ ಗುಂಡು ಬೀಳತೊಡಗಿತು. ಅವರು ತಮ್ಮವರನ್ನು ಕರೆದುಕೊಂಡು ಮುನ್ನುಗ್ಗಿದರು. ಗುರಿ ಇನ್ನು ಮೂವತ್ತು ಗಜ ದೂರ. ಹಗುರ ಮಷೀನ್ ಗನ್ನಿನ ಗುಂಡಿನ ಸಾಲು ಅವರ ತೊಡೆಯನ್ನು ಸೀಳಿತು; ನೆಲಕ್ಕೆ ಬಿದ್ದರು.

ಮೂವತ್ತು ಗಜವೆಂದರೆ ಊರ ಗುಡಿಯ ಕಟ್ಟೆಯಿಂದ ಬಾವಿಗೆ ಇರುವಷ್ಟು ದೂರ. ನಡೆಯುವವನಿಗೆ ಅರ್ಧ ನಿಮಿಷವೂ ಬೇಡ. ತೊಡೆ ಒಡೆದವನಿಗೆ, ಎದುರಿನ ಬಂದೂಕು ಇನ್ನೂ ಉಗುಳುತ್ತಿರುವಾಗ, ಆ ದೂರ ಎಷ್ಟೆಂದು ಅಳೆಯಲಾಗದು. ಬಚಿತ್ತರ್ ಸಿಂಗ್ ತೆವಳಿದರು. ನೆಲಕ್ಕೆ ಎದೆಯಾನಿಸಿ, ಕಾಲು ಎಳೆಯುತ್ತ ಸಾಗಿ, ಆ ಮಷೀನ್ ಗನ್ನಿನ ನೆಲೆಯ ಮೇಲೆ ಎರಡು ಕೈಬಾಂಬು ಎಸೆದರು. ಗನ್ನು ಸುಮ್ಮನಾಯಿತು. ಗಾಯಗೊಂಡ ತಮ್ಮನ್ನು ಹಿಂದಕ್ಕೆ ಸಾಗಿಸಲು ಬಂದಾಗ ಅವರು ಒಪ್ಪಲಿಲ್ಲ. ನೆಲೆ ಪೂರ್ತಿ ಕೈವಶವಾಗುವವರೆಗೂ ಬಿದ್ದಲ್ಲಿಂದಲೇ ತಮ್ಮ ಜವಾನರನ್ನು ಹುರಿದುಂಬಿಸುತ್ತಿದ್ದರು. ಆ ಗಾಯಕ್ಕೆ ಅವರ ಪ್ರಾಣ ಹೋಯಿತು.

ಆ ನೆಲೆ ಬಿದ್ದುದರ ಬೆಲೆ ಏನೆಂಬುದನ್ನು ಅದೇ ದಿನದ ದಾರಿ ಹೇಳುತ್ತದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ರಣಗಾಡಿಗಳ ಸಾಲು ಜಳಕೋಟ ಮುಟ್ಟಿತು. ಲೆಫ್ಟಿನೆಂಟ್ ಕರ್ನಲ್ ರಾಮ್‌ಸಿಂಗರ ಪಡೆ ಅಲ್ಲಿಂದ ಹಾದು ಮಧ್ಯಾಹ್ನ ಮೂರೂಕಾಲಕ್ಕೆ ಉಮರ್ಗಾದಲ್ಲಿತ್ತು. ಒಂದೇ ಹಗಲಲ್ಲಿ ಗಡಿಯೊಳಗೆ ಅರವತ್ತು ಕಿಲೋಮೀಟರ್. ಮರುದಿನ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ದಾರಿ ಬಿಡಿಸಲು, ಸೇನೆ ರಾಜೇಶ್ವರದತ್ತ ಸಾಗಿತು. ಅಲ್ಲಿಂದ ಮುಂದೆ ಹುಮನಾಬಾದು, ಜಹೀರಾಬಾದು. ಕಲಬುರಗಿಯಿಂದ ಮಹಾಗಾಂವ, ಕಮಲಾಪುರ ಹಾದು ಹೋಗುವ ನಮ್ಮ ರಸ್ತೆ ಆ ಹೆದ್ದಾರಿಯನ್ನು ಕೂಡುವುದು ಹುಮನಾಬಾದಿನಲ್ಲೇ.  ಸೆಪ್ಟೆಂಬರ್ 17ರಂದು ಬೀದರ ಸೇನೆಯ ಕೈಸೇರಿತು. ಅದೇ ಸಂಜೆ ನಿಜಾಮರು ರೇಡಿಯೋದಲ್ಲಿ ಶರಣಾಗತಿಯ ಮಾತು ಆಡಿದರು. ರಮಾನಂದ ತೀರ್ಥರು ಸೆರೆಯಿಂದ ಹೊರಬಂದರು. ಮರುದಿನ ಎಲ್ ಎದ್ರೂಸರು ಚೌಧುರಿಯವರೆದುರು ಶಸ್ತ್ರ ಕೆಳಗಿಟ್ಟರು.

ಇದೇ ಕಾರ್ಯಾಚರಣೆಯಲ್ಲಿ ಇನ್ನೊಂದು ಹೊಳೆಯ ಮೇಲೆ ಇನ್ನೊಬ್ಬ ತರುಣ ಸೈನಿಕ ಅಂಥದೇ ಸಾಹಸ ಮೆರೆದರು. ತುಂಗಭದ್ರೆಯ ರೈಲು ಸೇತುವೆಯನ್ನು ಹಿಡಿಯಲು ಹೋದ ಐದನೆಯ ಗೂರ್ಖಾ ರೈಫಲ್ಸಿನ ಐದನೆಯ ದಳದ ಮೇಲೆ ಬ್ರೆನ್ ಗನ್ ಗುಂಡು ಸುರಿಸುತ್ತಿತ್ತು. ನಾಯಕ್ ನರಬಹಾದುರ್ ಥಾಪಾ ನೂರು ಗಜದಷ್ಟು ಬಯಲನ್ನು ಗುಂಡಿನ ನಡುವೆಯೇ ಓಡಿ ದಾಟಿ, ಖುಕ್ರಿ ಹಿಡಿದು ಆ ಗನ್ನಿನವರ ಮೇಲೆ ಬಿದ್ದರು. ಗನ್ನು ನಿಂತಿತು, ದಳ ಮುಂದೆ ಹೋಯಿತು. ಅವರಿಗೂ ಅಶೋಕ ಚಕ್ರ ಸಂದಿತು. ಬೋರಿಯ ಮೇಲೊಬ್ಬರು, ತುಂಗಭದ್ರೆಯ ಮೇಲೊಬ್ಬರು. ನಮ್ಮ ಸೀಮೆಯ ಉತ್ತರ ದಕ್ಷಿಣದ ಎರಡು ಬಾಗಿಲುಗಳನ್ನು ತೆರೆದವರು ಇವರು. ಕನ್ನಡ ಇಬ್ಬರ ತಾಯಿನುಡಿಯೂ ಅಲ್ಲ.

ಈ ಶೌರ್ಯ ಯುದ್ಧದ ಶೌರ್ಯವೇ. ಆದರೂ ಅದಕ್ಕೆ ಯುದ್ಧದ ಪದಕ ಸಿಗಲಿಲ್ಲ. ಅದಕ್ಕೆ ಕಾರಣವಿದೆ. ಭದ್ರತಾ ಮಂಡಳಿಯಲ್ಲಿ ಹೈದರಾಬಾದಿನ ದೂರು ವಿಚಾರಣೆಗೆ ಬರುತ್ತಿದ್ದ ಹೊತ್ತು ಅದು. ಇದು ಎರಡು ದೇಶಗಳ ಯುದ್ಧವಲ್ಲ, ನಮ್ಮದೇ ಮನೆಯೊಳಗಿನ ಶಾಂತಿಪಾಲನೆ ಎಂಬುದು ಭಾರತದ ನಿಲುವು. ಅದರಿಂದಲೇ ಅದು ಪೊಲೀಸ್ ಕಾರ್ಯಾಚರಣೆ ಎನಿಸಿಕೊಂಡಿತು. ನಮ್ಮ ಹಿರಿಯರ ಬಾಯಲ್ಲೂ 'ಪೊಲೀಸ್ ಆಕ್ಷನ್' ಎಂದೇ ಉಳಿಯಿತು. ಕಾಶ್ಮೀರದಲ್ಲಿ 1947ರ ನವೆಂಬರ್‌ನಲ್ಲಿ ಮಡಿದ ಮೇಜರ್ ಸೋಮನಾಥ ಶರ್ಮರಿಗೆ ಪರಮವೀರ ಚಕ್ರ ಬಂತು, ಅಲ್ಲಿ ಎದುರಿದ್ದವನು ಹೊರಗಿನ ಶತ್ರು. ನಳದುರ್ಗದಲ್ಲಿ ಎದುರಿದ್ದವನನ್ನು ದೇಶ ಶತ್ರುವೆಂದು ಕರೆಯಲಿಲ್ಲ. 1952ರ ಜನವರಿ 4ರಂದು ಶತ್ರುವಿನೆದುರಲ್ಲದ ಶೌರ್ಯಕ್ಕೆಂದು ಹೊಸ ಪದಕ ಸ್ಥಾಪನೆಯಾಗಿ, 1947ರ ಆಗಸ್ಟ್ 15ರಿಂದಲೇ ಅನ್ವಯವಾಯಿತು. ಮೊದಲು ಅದಕ್ಕೆ ಮೂರು ದರ್ಜೆಗಳಿದ್ದವು. ಅತ್ಯುನ್ನತವಾದ ಮೊದಲ ದರ್ಜೆ ಬಚಿತ್ತರ್ ಸಿಂಗರಿಗೆ ಮರಣೋತ್ತರವಾಗಿ ಸಂದಿತು. 1967ರಲ್ಲಿ ಆ ದರ್ಜೆಯೇ ಅಶೋಕ ಚಕ್ರವೆಂದು ನಿಂತಿತು. ಚಿನ್ನದ ಲೇಪದ ದುಂಡನೆಯ ಪದಕ. ನಡುವೆ ಅಶೋಕನ ಚಕ್ರ, ಸುತ್ತ ತಾವರೆಯ ಮಾಲೆ. ಹಸಿರು ರಿಬ್ಬನ್ನಿನ ನಡುಮಧ್ಯೆ ಒಂದು ಕಿತ್ತಳೆ ಗೆರೆ.

ಕಳಿಂಗದ ರಕ್ತಪಾತ ಕಂಡು ಮರುಗಿದ ಅರಸನ ಚಕ್ರವನ್ನು ಆ ಪದಕ ಹೊತ್ತಿದೆ. ಅದೇ ಅಶೋಕನ ಶಾಸನಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ದೊರೆತಿವೆ. ಆದ್ದರಿಂದ ಈ ಕಥನವನ್ನು ಗೆಲುವಿನಲ್ಲಿ ನಿಲ್ಲಿಸುವ ಹಕ್ಕು ನಮಗಿಲ್ಲ. ಸೇನೆ ಗೆದ್ದ ಮೇಲೆ ಹಳ್ಳಿಗಳಲ್ಲಿ ನಡೆದುದನ್ನೂ ಹೇಳಬೇಕು. ರಜಾಕಾರರ ಹಾವಳಿಗೆ ಸೇಡು ತೀರಿಸುವ ಹೆಸರಿನಲ್ಲಿ, ಯಾವ ಪಾಪವನ್ನೂ ಮಾಡದ ಮುಸ್ಲಿಂ ಕುಟುಂಬಗಳ ಮೇಲೆ ಕೊಲೆ ಸುಲಿಗೆಗಳು ನಡೆದವು. ಪ್ರಧಾನಿ ನೆಹರೂ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ 1948ರ ಕೊನೆಯಲ್ಲಿ ಸಂಸ್ಥಾನದಲ್ಲಿ ಸುತ್ತಾಡಿ ವರದಿ ಬರೆಯಿತು. ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂಬುದು ಅದರ ಅಂದಾಜು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡ್. ಕೆಲವೆಡೆ ಸಮವಸ್ತ್ರದವರೂ ಲೂಟಿಯಲ್ಲಿ ಪಾಲುಗೊಂಡರೆಂದು ಆ ವರದಿ ಮುಚ್ಚುಮರೆಯಿಲ್ಲದೆ ಬರೆದಿದೆ. ಪ್ರಾಣ ಒತ್ತೆಯಿಟ್ಟು ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳನ್ನೂ ಕಾಣಿಸಿದೆ. ಬಹುಕಾಲ ಆ ಕಡತ ಬೀರುವಿನಲ್ಲೇ ಇತ್ತು.

ಐದು ದಿನಗಳ ಕಾಳಗದಲ್ಲಿ ಭಾರತದ ಕಡೆ ಮಡಿದ ಸೈನಿಕರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ಆಮೇಲಿನ ವಾರಗಳಲ್ಲಿ ಸತ್ತ ನಿರಪರಾಧಿಗಳ ಲೆಕ್ಕ ಸಾವಿರಗಳದ್ದು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಬಚಿತ್ತರ್ ಸಿಂಗರ ಶೌರ್ಯದ ಅರ್ಥ ಸ್ಪಷ್ಟವಾಗುತ್ತದೆ. ಅವರು ಕೈಬಾಂಬು ಎಸೆದದ್ದು ಗುಂಡು ಉಗುಳುತ್ತಿದ್ದ ನೆಲೆಯ ಮೇಲೆ. ವಾಹನಗಳ ಕಾವಲಿನವರು ಕೈಗೆ ಸಿಕ್ಕಾಗ ಸೆರೆ ಹಿಡಿದರು. ಶಸ್ತ್ರ ಹಿಡಿದವನೆದುರು ಪ್ರಾಣ ಕೊಡುವುದು ಶೌರ್ಯ. ಶಸ್ತ್ರವಿಲ್ಲದವನ ಪ್ರಾಣ ತೆಗೆಯುವುದಕ್ಕೆ ಆ ಹೆಸರು ಯಾವ ಕಾಲಕ್ಕೂ ಸಲ್ಲದು. ಆ ಹವಿಲ್ದಾರ ಬೇಗ ಗೆದ್ದುಕೊಟ್ಟ ಶಾಂತಿಯನ್ನು ಕಾಯುವ ಕೆಲಸ ಉಳಿದವರದ್ದಾಗಿತ್ತು. ಅದರಲ್ಲಿ ನಮ್ಮ ಸೀಮೆ ಸೋತಿತು. ಶರಣರು ದಯೆಯನ್ನೇ ಧರ್ಮದ ಮೂಲವೆಂದು ಸಾರಿದ, ಬಂದೇನವಾಜರ ದರ್ಗಾಕ್ಕೂ ಶರಣಬಸವೇಶ್ವರರ ಗುಡಿಗೂ ಒಂದೇ ಮನೆಯವರು ನಡೆದುಕೊಳ್ಳುವ ನೆಲಕ್ಕೆ ಆ ಸೋಲು ಸಣ್ಣದಲ್ಲ.

1950ರ ಜನವರಿ 26ರಂದು ಹೈದರಾಬಾದ್ ಗಣರಾಜ್ಯದ ಒಂದು ರಾಜ್ಯವಾಯಿತು, ನಿಜಾಮರೇ ಅದರ ರಾಜಪ್ರಮುಖರಾದರು. 1956ರ ನವೆಂಬರ್ 1ರಂದು ನಮ್ಮ ಮೂರು ಜಿಲ್ಲೆಗಳು ಕನ್ನಡ ನಾಡನ್ನು ಕೂಡಿಕೊಂಡವು. ಈ ಸೀಮೆಯವರಿಗೆ ಮೀಸಲು ಕೊಡುವ 371(ಜೆ) ವಿಧಿ ಸಂವಿಧಾನಕ್ಕೆ ಸೇರಿತು, ಗುಲಬರ್ಗಾ ಕಲಬುರಗಿಯಾಯಿತು, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು, ಕಮಲಾಪುರ ತಾಲೂಕು ಕೇಂದ್ರವಾಯಿತು. ಇಂದು ನಮ್ಮ ಮಕ್ಕಳು ಮತ ಹಾಕುವುದಕ್ಕೂ, ಮೀಸಲು ಸೀಟಿನಲ್ಲಿ ವೈದ್ಯಕೀಯ ಓದುವುದಕ್ಕೂ ಆಧಾರವಾದ ದಾರಿ ಬೋರಿಯ ಸೇತುವೆಯನ್ನು ದಾಟಿಯೇ ಬಂದಿದೆ.

ಪ್ರತಿ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಸರದಾರ್ ಪಟೇಲರ ಪ್ರತಿಮೆಗೆ ಮಾಲೆ ಬೀಳುತ್ತದೆ, ಹೋರಾಟಗಾರರ ಹೆಸರುಗಳನ್ನು ಓದುತ್ತಾರೆ. ಅದು ಆಗಬೇಕಾದ ಕೆಲಸವೇ. ಆ ಪಟ್ಟಿಗೆ ಹವಿಲ್ದಾರ್ ಬಚಿತ್ತರ್ ಸಿಂಗ್, ನಾಯಕ್ ನರಬಹಾದುರ್ ಥಾಪಾ ಎಂಬ ಎರಡು ಹೆಸರುಗಳು ಸೇರಬೇಕು. ಅವರ ಜೊತೆಗೆ ಶೋಯಬುಲ್ಲಾ ಖಾನರ ಹೆಸರೂ ಬರಬೇಕು. ಕಲಬುರಗಿಯ ಕಾಲೇಜುಗಳಲ್ಲಿ, ಕಮಲಾಪುರದ ಶಾಲೆಗಳಲ್ಲಿ ಗುರುಗಳು ಆ ದಿನ ಮಕ್ಕಳಿಗೆ ನಳದುರ್ಗದ ಮೂವತ್ತು ಗಜದ ಕಥೆಯನ್ನು ಪೂರ್ತಿಯಾಗಿ ಹೇಳಲಿ. ಗೋರ್ಟಾದಲ್ಲಿ ಸತ್ತವರನ್ನೂ, ಸೆಪ್ಟೆಂಬರ್‌ನ ನಂತರ ಸತ್ತವರನ್ನೂ ಒಂದೇ ಉಸಿರಿನಲ್ಲಿ ನೆನೆಯಲಿ. ಬಿಡುಗಡೆಯ ದಿನವನ್ನು ಹಾಗೆ ಆಚರಿಸುವ ಸೀಮೆ ತನಗಾಗಿ ಮಡಿದ ಪರವೂರಿನ ಮಗನ ಋಣವನ್ನು ಸ್ವಲ್ಪವಾದರೂ ತೀರಿಸಿದಂತೆ.